ಯಾವ ಕಣ, ಯಾವ ಲೇಸರ್, ಯಾವ ಹೊದಿಕೆ: ರೇರ್ ಅರ್ಥ್ ನ್ಯಾನೊ ಕಣ ಆರಿಸುವ ಮುಂಚೆ

ಕತ್ತಲೆ ಕೋಣೆ. ಮೇಜಿನ ಮೇಲೆ ಒಂದು ಸಣ್ಣ ಗಾಜಿನ ಶೀಶೆ. ಒಳಗೆ ನೀರಿನಷ್ಟೇ ತಿಳಿಯಾದ ದ್ರವ, ಅದರಲ್ಲಿ ರೇರ್ ಅರ್ಥ್ ಲೋಹ ಹಾಕಿದ ನ್ಯಾನೊ ಕಣಗಳು. 980 ನ್ಯಾನೊಮೀಟರಿನ ಲೇಸರ್ ಹಾಯಿಸಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಅದು ಅತಿಗೆಂಪು. ಆದರೆ ಶೀಶೆಯೊಳಗೆ ಮಾತ್ರ ದಾರ ಎಳೆದ ಹಾಗೆ ಒಂದು ಹಸಿರು ಗೆರೆ. ಮೊದಲ ಸಲ ನೋಡಿದವರು ಯಾರಾದರೂ ಮರುಳಾಗುತ್ತಾರೆ. ನಾನೂ ಆದೆ.

ಇದೇ ಕಣ ಸಾಕು ಅಂತ ಅವತ್ತೇ ತೀರ್ಮಾನ ಮಾಡಿಬಿಟ್ಟೆ. ಮುಂದಿನ ವಾರ ಅವೇ ಕಣಗಳನ್ನು ನೀರಿಗೆ ತಂದು, ಜೀವಕೋಶದ ಕೆಲಸಕ್ಕೆ ಎಲ್ಲರೂ ಬಳಸುವ ಫಾಸ್ಫೇಟ್ ಉಪ್ಪುನೀರಿನಲ್ಲಿ, ಅಂದರೆ ಪಿಬಿಎಸ್‌ನಲ್ಲಿ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಂದರೆ ತಳದಲ್ಲಿ ಬಿಳಿ ಗಸಿ, ಮೇಲೆ ಮಂಕು ಬೆಳಕು. ತಪ್ಪು ಕಣದ್ದಲ್ಲ. ನಾನು ಅದನ್ನು ಆರಿಸಿದ್ದು ಆ ಶೀಶೆಯಲ್ಲಿದ್ದ, ನೀರಿನ ಜೊತೆ ಬೆರೆಯದ ಸೈಕ್ಲೋಹೆಕ್ಸೇನ್ ದ್ರಾವಕದಲ್ಲಿ ಹೇಗೆ ಕಾಣುತ್ತದೆ ಅಂತ ನೋಡಿ. ಅದು ಬಾಳಬೇಕಾಗಿದ್ದು ರಕ್ತದಲ್ಲಿ.

ಹಾಗಾಗಿ ಈಗ ಯಾರಾದರೂ "ಎರ್ಬಿಯಂ ಒಳ್ಳೆಯದಾ, ನಿಯೋಡಿಮಿಯಂ ಒಳ್ಳೆಯದಾ" ಅಂತ ಕೇಳಿದರೆ ನಾನು ಮೊದಲು ಬೇರೆ ಮೂರು ಪ್ರಶ್ನೆ ಕೇಳುತ್ತೇನೆ. ಕಣ ಕೊನೆಗೆ ಎಲ್ಲಿರಬೇಕು: ಪರೀಕ್ಷೆಯ ಪಟ್ಟಿಯ (ಸ್ಟ್ರಿಪ್) ಮೇಲೋ, ಜೀವಕೋಶದಲ್ಲೋ, ಇಲಿಯ ಮೈಯಲ್ಲೋ? ನಿಮ್ಮ ಲ್ಯಾಬಿನಲ್ಲಿ ಯಾವ ಕ್ಯಾಮೆರಾ ಇದೆ? ಎಷ್ಟು ಆಳದಿಂದ ಬೆಳಕು ಹೊರಗೆ ಬರಬೇಕು? ಇವಕ್ಕೆ ಉತ್ತರ ಸಿಕ್ಕರೆ ಯಾವ ಅಯಾನು, ಅಂದರೆ ಕಣದೊಳಗೆ ಬೆಳಕು ಕೊಡುವ ಲೋಹ ಯಾವುದು ಅನ್ನುವುದು ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುತ್ತದೆ.

ಇವು ಬೇಕೇ ಬೇಕಾ?

ರೇರ್ ಅರ್ಥ್ ಲೋಹಗಳು ನಮಗೆ ಹೊಸವೇನಲ್ಲ. ಸಿಎಫ್‌ಎಲ್ ಬಲ್ಬಿನ ಒಳಗಡೆ ಬಳಿದಿರುತ್ತಿದ್ದ ಬಿಳಿ ಪುಡಿಯಲ್ಲಿ ಕೆಂಪು ಕೊಡುತ್ತಿದ್ದದ್ದು ಯುರೋಪಿಯಂ, ಹಸಿರು ಕೊಡುತ್ತಿದ್ದದ್ದು ಟರ್ಬಿಯಂ. ಈ ಅಯಾನುಗಳಲ್ಲಿ ಬೆಳಕಿನ ಕೆಲಸ ಮಾಡುವ 4ಎಫ್ ಎಲೆಕ್ಟ್ರಾನುಗಳು ಒಳಗಡೆ ಕೂತಿರುತ್ತವೆ. ಹೊರಗಿನ ಎಲೆಕ್ಟ್ರಾನುಗಳು ಅವಕ್ಕೆ ಮರೆ. ಅದಕ್ಕೇ ಹೊಮ್ಮುವ ಬೆಳಕು ಸಣ್ಣ ಸಣ್ಣ ಗೆರೆಗಳಾಗಿ ಬರುತ್ತದೆ, ಅಯಾನು ಎಲ್ಲಿ ಕೂತರೂ ಬಣ್ಣ ಹೆಚ್ಚು ಕಡಿಮೆ ಅದೇ. ಗಂಟೆಗಟ್ಟಲೆ ಲೇಸರ್ ಹಾಕಿದರೂ ಸಾಮಾನ್ಯ ಡೈ ಹಾಗೆ ಬಣ್ಣಗೆಡುವುದಿಲ್ಲ. ಇನ್ನೊಂದು ದೊಡ್ಡ ಲಾಭ, ಬೆಳಕು ನಿಧಾನವಾಗಿ ಆರುತ್ತದೆ. ಮೈಕ್ರೋಸೆಕೆಂಡಿನಿಂದ ಮಿಲಿಸೆಕೆಂಡಿನವರೆಗೆ.

ತೊಂದರೆಯೂ ಅದೇ ಜಾಗದಿಂದ ಬರುತ್ತದೆ. ಮರೆಯಲ್ಲಿ ಕೂತ ಎಲೆಕ್ಟ್ರಾನು ಬೆಳಕನ್ನು ಹೀರುವುದೂ ಕಡಿಮೆ. ಡೈ ಒಂದು ಬಕೆಟ್ ಹೀರಿದರೆ ಇದು ಒಂದು ಚಮಚ.

ಅದಕ್ಕೇ ನನ್ನ ಮೊದಲ ಸಲಹೆ ಸ್ವಲ್ಪ ನಿರಾಸೆ ತರಬಹುದು. ರಕ್ತನಾಳ ನೋಡುವುದಷ್ಟೇ ನಿಮ್ಮ ಗುರಿಯಾಗಿದ್ದರೆ ಇಂಡೋಸಯನಿನ್ ಗ್ರೀನ್ ಅನ್ನೋ ಡೈ ಇದೆ. 1950ರ ದಶಕದ ಕೊನೆಯಿಂದ ಮನುಷ್ಯರಿಗೇ ಕೊಡುತ್ತಿದ್ದಾರೆ. ಅತಿಗೆಂಪಿನಲ್ಲಿ ಹೊಳೆಯುತ್ತದೆ, ಪಿತ್ತಜನಕಾಂಗದ ಮೂಲಕ ಬೇಗ ಹೊರಗೆ ಹೋಗುತ್ತದೆ. ಅದರಿಂದ ಆಗುವ ಕೆಲಸಕ್ಕೆ ನ್ಯಾನೊ ಕಣ ಮಾಡಲು ಹೊರಡುವುದು ಸುಮ್ನೆ ಎರಡು ವರ್ಷ ಕಳೆಯುವ ದಾರಿ. ದಿನಗಟ್ಟಲೆ ಒಂದೇ ಕೋಶವನ್ನು ಹಿಂಬಾಲಿಸಬೇಕು, ಹಿನ್ನೆಲೆಯ ಬೆಳಕು ಒಂದಿಷ್ಟೂ ಇರಬಾರದು, ಒಳಗಿನ ಉಷ್ಣತೆ ಅಳೆಯಬೇಕು ಅನ್ನುವಂಥ ಕೆಲಸವಾದರೆ ಮುಂದೆ ಓದಿ.

ಪಟ್ಟಿಯ ಮೇಲೆ, ಟ್ಯೂಬಿನೊಳಗೆ

ಮೈಯಿಂದ ಹೊರಗೆ ತೆಗೆದ ರಕ್ತ, ಸೀರಂ, ಮೂತ್ರ ಇವುಗಳಲ್ಲಿ ಏನನ್ನೋ ಅಳೆಯುವುದಾದರೆ ಕೆಲಸ ಅರ್ಧ ಸುಲಭ. ಕಣ ಎಲ್ಲಿಗೆ ಹೋಗಿ ಸೇರುತ್ತದೆ ಅನ್ನೋ ಚಿಂತೆ ಇಲ್ಲ. ಗಾತ್ರ 100 ನ್ಯಾನೊಮೀಟರ್ ಇದ್ದರೂ ನಡೆಯುತ್ತದೆ. ಇಲ್ಲಿ ಎರಡು ಗಂಭೀರ ಆಯ್ಕೆಗಳಿವೆ.

ಒಂದು, ಯುರೋಪಿಯಂ. ಅಯಾನಿನ ಸುತ್ತ ನೇರಳಾತೀತ ಬೆಳಕನ್ನು ಚೆನ್ನಾಗಿ ಹೀರುವ ಸಾವಯವ ಅಣುವನ್ನು ಕಟ್ಟುತ್ತಾರೆ. ಆ ಅಣು ಹೀರಿ ಅಯಾನಿಗೆ ದಾಟಿಸುತ್ತದೆ. ಇಂಥ ನೂರಾರು, ಸಾವಿರಾರು ಅಣುಗಳನ್ನು ಒಂದು ಪಾಲಿಸ್ಟೈರೀನ್ ಮಣಿಯೊಳಗೆ ತುಂಬಿದರೆ ಕಣ ರೆಡಿ. 365 ನ್ಯಾನೊಮೀಟರಿನ ಎಲ್‌ಇಡಿ ಹಾಕಿದರೆ 615ರ ಹತ್ತಿರ ಕೆಂಪು. ಜಾಣತನ ಇರುವುದು ಕಾಯುವುದರಲ್ಲಿ. ಸೀರಂ, ನೈಟ್ರೋಸೆಲ್ಯುಲೋಸ್ ಪಟ್ಟಿ, ಕಾರ್ಡಿನ ಪ್ಲಾಸ್ಟಿಕ್ಕು ಎಲ್ಲವೂ ನೇರಳಾತೀತದಲ್ಲಿ ನೀಲಿಯಾಗಿ ಹೊಳೆಯುತ್ತವೆ, ಆದರೆ ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಆರಿಹೋಗುತ್ತವೆ. ಯುರೋಪಿಯಂ ನೂರಾರು ಮೈಕ್ರೋಸೆಕೆಂಡು ಉರಿಯುತ್ತಲೇ ಇರುತ್ತದೆ. ದೀಪ ಆರಿಸಿ, ಒಂದು ಕ್ಷಣ ಬಿಟ್ಟು ಅಳೆದರೆ ಉಳಿದಿರುವುದು ಅದೊಂದೇ. ಫಿನ್ಲೆಂಡಿನ ಟುರ್ಕುವಿನಲ್ಲಿ 1980ರ ದಶಕದಲ್ಲಿ ಬೆಳೆದ ಡೆಲ್ಫಿಯಾ ಪರೀಕ್ಷೆ ಇದೇ ಉಪಾಯದ ಮೇಲೆ ನಿಂತಿದೆ. ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ತೆಗೆದ ಒಣ ರಕ್ತದ ಹನಿಯಲ್ಲಿ ಥೈರಾಯ್ಡ್ ತೊಂದರೆ ಹುಡುಕಲು ಅದನ್ನು ಬಳಸುತ್ತಾರೆ.

ಎರಡನೆಯದು ಅಪ್‌ಕನ್ವರ್ಷನ್ ಕಣ. ಮೊದಲು ಹೇಳಿದ ಹಸಿರು ಗೆರೆಯ ಕಣವೇ. ಇಟರ್ಬಿಯಂ ಅತಿಗೆಂಪು ಫೋಟಾನನ್ನು ಹೀರಿ ಪಕ್ಕದ ಎರ್ಬಿಯಂಗೆ ಕೊಡುತ್ತದೆ, ಆಮೇಲೆ ಇನ್ನೊಂದನ್ನು ಕೊಡುತ್ತದೆ. ಎರ್ಬಿಯಂ ಎರಡನ್ನೂ ಕೂಡಿಸಿ ಒಂದು ಹಸಿರು ಫೋಟಾನ್ ಹೊರಗೆ ಹಾಕುತ್ತದೆ. ಹೀಗೆ ಅಯಾನಿನಿಂದ ಅಯಾನಿಗೆ ಶಕ್ತಿ ದಾಟುತ್ತದೆ ಅಂತ 1966ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಓಜೆಲ್ ತೋರಿಸಿದರು. ರಕ್ತದಲ್ಲಿ, ಮಾಂಸದಲ್ಲಿ ಇರುವ ಯಾವುದೂ ಇಷ್ಟು ಮಂದ ಅತಿಗೆಂಪಿಗೆ ಹಸಿರು ಕೊಡುವುದಿಲ್ಲ. ಹಾಗಾಗಿ ಕಾಯುವ ಗೊಡವೆಯೇ ಇಲ್ಲ, ಹಿನ್ನೆಲೆ ಹುಟ್ಟುವುದೇ ಇಲ್ಲ.

ಬರಿ ಲೆಕ್ಕದಲ್ಲಿ ನೋಡಿದರೆ ಎರಡನೆಯದೇ ಗೆಲ್ಲಬೇಕು. ಆದರೂ ಪಟ್ಟಿ ಪರೀಕ್ಷೆಗೆ ನನ್ನ ಓಟು ಯುರೋಪಿಯಂ ಮಣಿಗೇ. ಮಣಿಗಳು ಮೇಲ್ಮೈಯಲ್ಲಿ ಬೇರೆ ಅಣು ಅಂಟಿಸಲು ಬೇಕಾದ ಕಾರ್ಬಾಕ್ಸಿಲ್ ಗುಂಪು ಹೊತ್ತುಕೊಂಡೇ ಸಿದ್ಧವಾಗಿ ಸಿಗುತ್ತವೆ, ಆಂಟಿಬಾಡಿ ಕೂರಿಸುವುದು ಗೊತ್ತಿರುವ ಕೆಲಸ. ಎಲ್‌ಇಡಿ ಅಗ್ಗ. ಓದುವ ಯಂತ್ರದ ಮುಚ್ಚಳ ತೆಗೆದು ಯಾರಾದರೂ ಇಣುಕಿದರೆ ಕಣ್ಣು ಹೋಗುವ ಲೇಸರ್ ಅಲ್ಲಿ ಇರುವುದಿಲ್ಲ. ಅಪ್‌ಕನ್ವರ್ಷನ್‌ಗೆ ಹೋಗಬೇಕಾದದ್ದು ಯಾವಾಗ ಅಂದರೆ, ಕಾದು ಅಳೆದರೂ ಸಾಲದಷ್ಟು ಸೂಕ್ಷ್ಮತೆ ಬೇಕಾದಾಗ, ಅಥವಾ ಒಂದೊಂದೇ ಕಣವನ್ನು ಮೈಕ್ರೋಸ್ಕೋಪಿನಲ್ಲಿ ಎಣಿಸುವ ಆಲೋಚನೆ ಇದ್ದಾಗ. ಎಣಿಸುವ ಆಟದಲ್ಲಿ ಅದಕ್ಕೆ ಸಾಟಿಯಿಲ್ಲ.

ಚರ್ಮದ ಒಳಗಿಂದ ಬೆಳಕು

ನಿಜವಾದ ಗೊಂದಲ ಶುರುವಾಗುವುದು ಇಲ್ಲಿ. ಸ್ವಲ್ಪ ನಿಂತು ನೋಡೋಣ.

ಮೊದಲು ಒಳಗೆ ಹೋಗುವ ಬೆಳಕು. ಇಟರ್ಬಿಯಂ ಹೀರುವುದು 980ರ ಹತ್ತಿರ, ನಿಯೋಡಿಮಿಯಂ 808ರ ಹತ್ತಿರ. ಕೆಟ್ಟ ಅದೃಷ್ಟ ಏನೆಂದರೆ ನೀರಿಗೂ 980ರ ಹತ್ತಿರವೇ ಒಂದು ಹಸಿವು. ಅಲ್ಲಿ ನೀರು ಹೀರುವುದು 808ರಲ್ಲಿ ಹೀರುವುದಕ್ಕಿಂತ 20 ಪಟ್ಟು ಜಾಸ್ತಿ. ಮಾಂಸ ಅಂದರೆ ಬಹುಪಾಲು ನೀರೇ ಅಲ್ವಾ? ಹಾಗಾಗಿ ಕಣಕ್ಕೆ ತಲುಪುವ ಮುಂಚೆ ಚರ್ಮ ಬಿಸಿಯಾಗುತ್ತದೆ. ಒಂದೇ ಜಾಗಕ್ಕೆ ಬಿಡದೆ ಹಾಕಿದರೆ ಬೆರಳಿಗೇ ಗೊತ್ತಾಗುತ್ತದೆ (ನಾನು ನೋಡಿದ್ದೇನೆ, ನೀವು ನೋಡಲು ಹೋಗಬೇಡಿ). ಜೊತೆಗೆ, ಅಯಾನು ಅಯಾನಿಗೆ ಹೋಲಿಸಿದರೆ ನಿಯೋಡಿಮಿಯಂ 808ರಲ್ಲಿ ಹೀರುವುದು ಇಟರ್ಬಿಯಂ 980ರಲ್ಲಿ ಹೀರುವುದರ ಸುಮಾರು 10 ಪಟ್ಟು.

ಹಾಗಾದರೆ 808 ಕಣ್ಣುಮುಚ್ಚಿ ಆರಿಸಬಹುದಾ? ಪೂರ್ತಿ ಅಲ್ಲ. ಚರ್ಮಕ್ಕೆ ಎಷ್ಟು ಲೇಸರ್ ಹಾಕಬಹುದು ಅನ್ನುವ ಸುರಕ್ಷತಾ ಮಿತಿ 980ಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 0.73 ವ್ಯಾಟ್, 808ಕ್ಕೆ ಸುಮಾರು 0.33 ವ್ಯಾಟ್. ಅಂದರೆ 808ರಲ್ಲಿ ಅರ್ಧಕ್ಕಿಂತ ಕಡಿಮೆ ಬೆಳಕು ಹಾಕಿಯೇ ಕೆಲಸ ಮುಗಿಸಬೇಕು. ಇನ್ನೊಂದು ತೊಡಕು ಕಣದ ಒಳಗಡೆಯೇ ಇದೆ. ನಿಯೋಡಿಮಿಯಂ ಗುಂಪಾಗಿ ಕೂತರೆ ಒಂದರ ಶಕ್ತಿ ಇನ್ನೊಂದು ತಿಂದುಹಾಕುತ್ತದೆ. ಎರ್ಬಿಯಂ ಪಕ್ಕದಲ್ಲಿ ಕೂತರೆ ಅದರ ಶಕ್ತಿಯನ್ನೂ ಕದಿಯುತ್ತದೆ. ಅದಕ್ಕೇ 808 ಹಾಕಿ ಹಸಿರು ಪಡೆಯಬೇಕಾದರೆ ಒಳಗೆ ಎರ್ಬಿಯಂ, ಹೊರ ಪದರದಲ್ಲಿ ನಿಯೋಡಿಮಿಯಂ, ನಡುವೆ ದಾಟಿಸಲು ಇಟರ್ಬಿಯಂ, ಎಲ್ಲಕ್ಕೂ ಹೊರಗೆ ಹೊಳೆಯುವ ಅಯಾನಿಲ್ಲದ ಒಂದು ಖಾಲಿ ಪದರ ಅಂತ ಈರುಳ್ಳಿಯ ಹಾಗೆ ಕಟ್ಟಬೇಕು. ಒಂದೊಂದು ಪದರಕ್ಕೂ ಒಂದೊಂದು ಸಲ ಬೇಯಿಸಬೇಕು. ಮೂರನೆಯ ಪದರ ಕೆಟ್ಟರೆ ಮೊದಲೆರಡರ ಶ್ರಮವೂ ನೀರಿಗೆ.

ಇನ್ನು ಹೊರಗೆ ಬರುವ ಬೆಳಕು. ಎರ್ಬಿಯಂನ ಹಸಿರು ಕಣ್ಣಿಗೆ ಹಬ್ಬ, ಆದರೆ ಮೈಯೊಳಗಿಂದ ಹೊರಗೆ ಬರುವುದೇ ಇಲ್ಲ ಅನ್ನಬಹುದು. 545ರ ಹತ್ತಿರದ ಆ ಗೆರೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಚೆನ್ನಾಗಿ ಹೀರುವ ಜಾಗದಲ್ಲೇ ಬೀಳುತ್ತದೆ. 655ರ ಕೆಂಪು ಗೆರೆ ಪರವಾಗಿಲ್ಲ. ಥೂಲಿಯಂ ಹಾಕಿದರೆ 800ರ ಹತ್ತಿರ ಒಳ್ಳೆಯ ಗೆರೆ ಸಿಗುತ್ತದೆ: 980 ಒಳಗೆ, 800 ಹೊರಗೆ, ಎರಡೂ ಮಾಂಸದೊಳಗೆ ದಾರಿ ಮಾಡಿಕೊಂಡು ಹೋಗುತ್ತವೆ. ಸಾಮಾನ್ಯ ಸಿಲಿಕಾನ್ ಕ್ಯಾಮೆರಾಕ್ಕೂ 800 ಕಾಣುತ್ತದೆ. ದುಬಾರಿ ಕ್ಯಾಮೆರಾ ಇಲ್ಲದ ಲ್ಯಾಬಿನವರು ಇಲಿಯ ಚಿತ್ರ ತೆಗೆಯಬೇಕು ಅಂದರೆ ನಾನು ಹೇಳುವುದು ಇಟರ್ಬಿಯಂ–ಥೂಲಿಯಂ ಜೋಡಿಯನ್ನೇ. ಥೂಲಿಯಂ ಶೇ 0.5ರ ಆಸುಪಾಸು ಸಾಕು, ಜಾಸ್ತಿ ಹಾಕಿದರೆ ಮಂಕಾಗುತ್ತದೆ.

ಇಲ್ಲೊಂದು ಬಲೆ ಇದೆ, ನಾನೂ ಅದರಲ್ಲಿ ಬಿದ್ದೆ. ಸಿಲಿಕಾನ್ ಕ್ಯಾಮೆರಾಕ್ಕೆ 980 ಕೂಡ ಸ್ವಲ್ಪ ಕಾಣುತ್ತದೆ. ಲೇಸರ್ ತಡೆಯುವ ಫಿಲ್ಟರ್ ಸರಿಯಿಲ್ಲದಿದ್ದರೆ ಕಾಣುವುದು ಕಣವಲ್ಲ, ಚರ್ಮದ ಮೇಲೆ ಚದುರಿದ ಲೇಸರ್. ನನ್ನ ಮೊದಲ ಚಿತ್ರ ಅದ್ಭುತವಾಗಿ ಬಂತು. ಆಮೇಲೆ ಕಣ ಹಾಕದ ಖಾಲಿ ಟ್ಯೂಬ್ ಇಟ್ಟು ನೋಡಿದೆ. ಅದೂ ಅಷ್ಟೇ ಅದ್ಭುತವಾಗಿತ್ತು.

ಎಲ್ಲಕ್ಕಿಂತ ಮುಖ್ಯವಾದ ವಿಷಯ ಈಗ ಬರುತ್ತದೆ. ಅಪ್‌ಕನ್ವರ್ಷನ್‌ಗೆ ಎರಡು ಫೋಟಾನ್ ಬೇಕು. ಹಾಗಾಗಿ, ಮಂದ ಬೆಳಕಿನಲ್ಲಿ, ಲೇಸರ್ ಹತ್ತನೇ ಒಂದಕ್ಕೆ ಇಳಿದರೆ ಹೊರಗೆ ಬರುವ ಬೆಳಕು ನೂರನೇ ಒಂದಕ್ಕೆ ಇಳಿಯುತ್ತದೆ. ಥೂಲಿಯಂನ ನೀಲಿಗೆ ಮೂರು, ಕೆಲವು ಗೆರೆಗಳಿಗೆ ನಾಲ್ಕು ಫೋಟಾನ್ ಬೇಕು, ಅಲ್ಲಿ ಇಳಿತ ಇನ್ನೂ ಕಡಿದು. ಆಳಕ್ಕೆ ಹೋದಂತೆ ಲೇಸರ್ ಸೊರಗುವುದು ಹೇಗೂ ಇದ್ದದ್ದೇ, ಇದು ಗಾಯದ ಮೇಲೆ ಬರೆ. ಪ್ರಬಂಧಗಳಲ್ಲಿ ಬರುವ ದಕ್ಷತೆಯ (ಹೀರಿದ ಬೆಳಕಿನಲ್ಲಿ ಎಷ್ಟು ಪಾಲು ಹೊರಗೆ ಬಂತು ಅನ್ನುವ) ಅಂಕಿಗಳನ್ನು ನೋಡುವಾಗ ಪಕ್ಕದಲ್ಲಿ ಲೇಸರ್ ಎಷ್ಟು ಅಂತ ಬರೆದಿದ್ದಾರೆ ನೋಡಿ. ಅಲ್ಲಿ ಚದರ ಸೆಂಟಿಮೀಟರಿಗೆ 100 ವ್ಯಾಟ್ ದಾಟಿರುವುದು ಮಾಮೂಲಿ. ಚರ್ಮಕ್ಕೆ ಒಪ್ಪಿಗೆ ಇರುವುದು 0.73. ಆ ಅಂಕಿ ನಿಮ್ಮ ಇಲಿಗೆ ಅನ್ವಯಿಸುವುದೇ ಇಲ್ಲ.

ಇದನ್ನು ತಪ್ಪಿಸಿಕೊಳ್ಳುವ ದಾರಿ, ಒಂದು ಫೋಟಾನ್ ಕೊಟ್ಟು ಒಂದು ಪಡೆಯುವುದು. ನಿಯೋಡಿಮಿಯಂ ಒಂದನ್ನೇ ಶೇ 1ರಷ್ಟು ಹಾಕಿದ ಸರಳ ಕಣಕ್ಕೆ 808 ಕೊಟ್ಟರೆ 870ರ ಸುತ್ತ, 1060ರಲ್ಲಿ, 1340ರ ಹತ್ತಿರ ಬೆಳಕು ಬರುತ್ತದೆ. ಲೇಸರ್ ಅರ್ಧವಾದರೆ ಬೆಳಕೂ ಅರ್ಧ, ಅಷ್ಟೇ. ಪದರದ ಮೇಲೆ ಪದರ ಕಟ್ಟುವ ಸರ್ಕಸ್ ಇಲ್ಲ, ಹೊರಗೊಂದು ಖಾಲಿ ಪದರ ಸಾಕು. ಉದ್ದ ತರಂಗಾಂತರದ ಬೆಳಕು ಮಾಂಸದಲ್ಲಿ ಕಡಿಮೆ ಚದುರುವುದರಿಂದ ಚಿತ್ರದ ಅಂಚೂ ಚೊಕ್ಕ. ಆದರೆ ಕ್ಯಾಮೆರಾ? 1000 ದಾಟಿದ ಮೇಲೆ ಸಿಲಿಕಾನ್ ಹೆಚ್ಚು ಕಡಿಮೆ ಕುರುಡು. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಕ್ಯಾಮೆರಾ ಬೇಕು, ಅದರ ಬೆಲೆಗೆ ಒಂದು ಕಾರು ಬರುತ್ತದೆ.

ಆ ಕ್ಯಾಮೆರಾ ಇದ್ದೇ ಇದ್ದರೆ ಎರ್ಬಿಯಂನ ಇನ್ನೊಂದು ಮುಖ ನೋಡಿ. ಅದೇ 980 ಹಾಕಿ, ಮೇಲೇರಿಸುವ ಬದಲು ಕೆಳಗಿಳಿಸಿ 1550ರ ಹತ್ತಿರ ಬೆಳಕು ಪಡೆಯಬಹುದು. ಸೀರಿಯಂ ಸ್ವಲ್ಪ ಸೇರಿಸಿದರೆ ಮೇಲೇರುವ ದಾರಿ ಮುಚ್ಚಿ ಕೆಳಗಿನ ದಾರಿ ಜೋರಾಗುತ್ತದೆ. 2017ರಲ್ಲಿ ಸ್ಟಾನ್‌ಫರ್ಡಿನ ಹೊಂಗ್‌ಜೀ ದಾಯ್ ಅವರ ಗುಂಪು ಇಂಥ ಕಣದಿಂದ ಇಲಿಯ ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯಿತು. ಚದುರುವಿಕೆ ಇಲ್ಲಿ ಇನ್ನೂ ಕಡಿಮೆ. ಆದರೆ 1550ರಲ್ಲಿ ನೀರು ಬೆಳಕನ್ನು ಗಟ್ಟಿಯಾಗಿ ಹೀರುತ್ತದೆ, ಆದ್ದರಿಂದ ಇದು ಕೆಲವು ಮಿಲಿಮೀಟರ್ ಆಳದ ಚೊಕ್ಕ ಚಿತ್ರಕ್ಕೆ ಸರಿ, ಮನುಷ್ಯನ ಹೊಟ್ಟೆಯೊಳಗೆ ಹುಡುಕುವುದಕ್ಕಲ್ಲ. ಕಣದ ಮೇಲಿನ ಖಾಲಿ ಪದರವೂ ದಪ್ಪಗಿರಬೇಕು. ನೀರಿನ ಅಣುವಿನ ಆಮ್ಲಜನಕ–ಹೈಡ್ರೋಜನ್ ಬಂಧದ ಕಂಪನ ಎರಡೇ ಹೆಜ್ಜೆಯಲ್ಲಿ ಈ ಶಕ್ತಿಯನ್ನು ನುಂಗಿಬಿಡುತ್ತದೆ.

ದೊಡ್ಡದೋ, ಚಿಕ್ಕದೋ

ಅಯಾನುಗಳನ್ನು ಒಳಗಿಟ್ಟುಕೊಳ್ಳುವ ಆತಿಥೇಯ ಹರಳಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಪ್‌ಕನ್ವರ್ಷನ್‌ಗೆ ಸೋಡಿಯಂ ಇಟ್ರಿಯಂ ಫ್ಲೋರೈಡ್, ಅದರಲ್ಲೂ ಷಟ್ಕೋನದ ಬೀಟಾ ರೂಪ. ಘನಾಕೃತಿಯ ಆಲ್ಫಾ ರೂಪಕ್ಕಿಂತ ಹಸಿರು ಸುಮಾರು ಹತ್ತು ಪಟ್ಟು ಹೆಚ್ಚು. ಇಟರ್ಬಿಯಂ ಶೇ 20, ಎರ್ಬಿಯಂ ಶೇ 2. ಇದು ಇಡ್ಲಿಗೆ ಅಕ್ಕಿ ಉದ್ದು ಹಾಕುವ ಲೆಕ್ಕದ ಹಾಗೆ, ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ.

ತಲೆಬಿಸಿ ಗಾತ್ರದ್ದು. ಕೆನಡಾದಲ್ಲಿ ಬಾಯರ್ ಮತ್ತು ವಾನ್ ವೆಗ್ಗೆಲ್ 2010ರಲ್ಲಿ ಅಳೆದು ಹಾಕಿದ ಅಂಕಿಗಳು ನನ್ನ ಮೇಜಿನ ಎದುರು ಗೋಡೆಗೆ ಅಂಟಿವೆ. ದಪ್ಪ ಪುಡಿಯಲ್ಲಿ ದಕ್ಷತೆ ಶೇ 3. ಅದೇ ಪದಾರ್ಥದ 100 ನ್ಯಾನೊಮೀಟರ್ ಕಣದಲ್ಲಿ ಶೇ 0.3. 10 ನ್ಯಾನೊಮೀಟರಿಗೆ ಇಳಿದರೆ ಶೇ 0.005. ಕಣ ಚಿಕ್ಕದಾದಂತೆ ಅಯಾನುಗಳೆಲ್ಲ ಮೇಲ್ಮೈಗೇ ಬಂದು ಕೂರುತ್ತವೆ, ಅಲ್ಲಿ ನೀರು ಮತ್ತು ಅಂಟಿದ ಅಣುಗಳು ಶಕ್ತಿ ಕದಿಯುತ್ತವೆ. ಹೊರಗೆ ಅಯಾನಿಲ್ಲದ ಒಂದು ಪದರ ಹಾಕಿದರೆ ಈ ಕಳ್ಳತನ ಬಹಳ ಮಟ್ಟಿಗೆ ನಿಲ್ಲುತ್ತದೆ. ಹಾಗಾಗಿ ಪದರವಿಲ್ಲದ ಕಣ ಮಾಡುವುದಕ್ಕೆ ಈಗ ಕಾರಣವೇ ಇಲ್ಲ.

ಆದರೆ ಮೈಗೆ ಚುಚ್ಚುವುದಾದರೆ ಎದುರಿಗೆ ಇನ್ನೊಂದು ಅಂಕಿ ಇದೆ: ಸುಮಾರು 5.5 ನ್ಯಾನೊಮೀಟರ್. ಹೊದಿಕೆಯೂ ಸೇರಿ ಅದಕ್ಕಿಂತ ಚಿಕ್ಕದಾದ ಕಣ ಮೂತ್ರಪಿಂಡದ ಜರಡಿ ದಾಟಿ ಹೊರಗೆ ಹೋಗುತ್ತದೆ. ದೊಡ್ಡದಾದರೆ ಬಹುಪಾಲು ಪಿತ್ತಜನಕಾಂಗ, ಗುಲ್ಮಗಳಲ್ಲಿ ಕೂತುಬಿಡುತ್ತದೆ, ವಾರಗಟ್ಟಲೆ, ತಿಂಗಳುಗಟ್ಟಲೆ. ಹೊಳೆಯಬೇಕಾದರೆ ದೊಡ್ಡದಿರಬೇಕು, ಹೊರಗೆ ಹೋಗಬೇಕಾದರೆ ಚಿಕ್ಕದಿರಬೇಕು. ಆಸ್ಪತ್ರೆಯಲ್ಲಿ ಇನ್ನೂ ಅಪ್‌ಕನ್ವರ್ಷನ್ ಕಣದ ಇಂಜೆಕ್ಷನ್ ಕಾಣದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಇಲಿಯಲ್ಲಿ ಜೀವಶಾಸ್ತ್ರ ತಿಳಿಯುವ ಕೆಲಸಕ್ಕೆ 20ರಿಂದ 30 ನ್ಯಾನೊಮೀಟರ್ ಇರಲಿ, ಮನುಷ್ಯನ ಕನಸಿಗೆ ಬೇರೆ ಕಣ ನೋಡೋಣ ಅನ್ನುವುದು ನನ್ನ ನಿಲುವು.

ಎಂಆರ್‌ಐ, ಎಕ್ಸ್‌ರೇ

ಮನುಷ್ಯರಿಗೆ ನಿಜವಾಗಿಯೂ ಚುಚ್ಚುವ ರೇರ್ ಅರ್ಥ್ ಅಂದರೆ ಮುಖ್ಯವಾಗಿ ಗ್ಯಾಡೋಲಿನಿಯಂ. ಏಳು ಒಂಟಿ ಎಲೆಕ್ಟ್ರಾನು ಇರುವುದರಿಂದ ಸುತ್ತಲಿನ ನೀರಿನ ಎಂಆರ್‌ಐ ಸಂಕೇತವನ್ನು ಜೋರು ಮಾಡುತ್ತದೆ. 1988ರಿಂದ ಬಳಕೆಯಲ್ಲಿದೆ. ಆದರೆ ಅದು ನ್ಯಾನೊ ಕಣವಲ್ಲ, ಅಯಾನನ್ನು ಹಿಡಿದುಕೊಂಡ ಒಂದು ಚಿಕ್ಕ ಅಣು. ಹಿಡಿತ ಸಡಿಲವಾದರೆ ಏನಾಗುತ್ತದೆ ಅಂತ 2006ರಲ್ಲಿ ಗೊತ್ತಾಯಿತು. ಮೂತ್ರಪಿಂಡ ಕೆಟ್ಟವರಲ್ಲಿ ಚರ್ಮ ಗಟ್ಟಿಯಾಗುವ ಕಾಯಿಲೆಗೂ ಇದಕ್ಕೂ ನಂಟು ಕಂಡಿತು. 2017ರಲ್ಲಿ ಯುರೋಪಿನಲ್ಲಿ ಸಡಿಲ ಹಿಡಿತದ, ಲೀನಿಯರ್ ಜಾತಿಯ ಹಲವು ಔಷಧಗಳನ್ನು ತಡೆಹಿಡಿದರು.

ಕಣದೊಳಗೆ ಗ್ಯಾಡೋಲಿನಿಯಂ ಹಾಕಿ "ಬೆಳಕೂ ಕೊಡುತ್ತದೆ, ಎಂಆರ್‌ಐಯೂ ಆಗುತ್ತದೆ, ಸಿಟಿಯೂ ಆಗುತ್ತದೆ" ಅನ್ನುವ ಆಲ್ ಇನ್ ಒನ್ ಕಣಗಳ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. ಲೆಕ್ಕ ಹಾಕಿ ನೋಡಿ. ಎಂಆರ್‌ಐಗೆ ಸಾಮಾನ್ಯ ಡೋಸು ಕಿಲೋ ತೂಕಕ್ಕೆ 0.1 ಮಿಲಿಮೋಲ್. 60 ಕಿಲೋ ಮನುಷ್ಯನಿಗೆ ಹತ್ತಿರ ಹತ್ತಿರ 1 ಗ್ರಾಂ ಗ್ಯಾಡೋಲಿನಿಯಂ ಲೋಹ. ಬೆಳಕಿನ ಚಿತ್ರಕ್ಕೆ ಬೇಕಾಗುವುದು ಇದರ ಸಾವಿರದಲ್ಲಿ ಒಂದು ಭಾಗವೂ ಇರಲಾರದು. ಎರಡನ್ನೂ ಒಂದೇ ಕಣದಲ್ಲಿ ಕಟ್ಟಿದರೆ ಯಾವ ಡೋಸಿಗೆ ಕೊಡುತ್ತೀರಿ? ಜೊತೆಗೆ ಕಣದ ಒಳಗೆ ಹೂತುಹೋದ ಗ್ಯಾಡೋಲಿನಿಯಂಗೆ ನೀರು ಸಿಗುವುದೇ ಇಲ್ಲ, ಕೆಲಸ ಮಾಡುವುದು ಮೇಲ್ಮೈಯಲ್ಲಿರುವುದು ಮಾತ್ರ. ಬೆಳಕಿಗೆ ದಪ್ಪ ಪದರ ಬೇಕು, ಎಂಆರ್‌ಐಗೆ ಪದರವೇ ಬೇಡ. ಇಬ್ಬರ ಜಗಳ.

ಇದಕ್ಕೆ ಹೋಲಿಸಿದರೆ ಫ್ರಾನ್ಸಿನ ಲಿಯಾನ್‌ನಲ್ಲಿ ಹುಟ್ಟಿದ ಅಗ್ವಿಕ್ಸ್ ಕಣದ ವಿನ್ಯಾಸ ನನಗೆ ಇಷ್ಟ. ಸಿಲಿಕಾದಂಥ ಒಂದು ಪುಟ್ಟ ಉಂಡೆ, ಸುತ್ತ ಗ್ಯಾಡೋಲಿನಿಯಂ ಅನ್ನು ಗಟ್ಟಿಯಾಗಿ ಹಿಡಿಯುವ ಅಣುಗಳು, ಒಟ್ಟು ಗಾತ್ರ 5 ನ್ಯಾನೊಮೀಟರಿನ ಆಸುಪಾಸು. ಎಂಆರ್‌ಐಯಲ್ಲಿ ಗೆಡ್ಡೆ ಕಾಣಿಸುತ್ತದೆ, ರೇಡಿಯೇಷನ್ ಕೊಟ್ಟಾಗ ಅದರ ಪರಿಣಾಮ ಹೆಚ್ಚಿಸುತ್ತದೆ, ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಮಿದುಳಿಗೆ ಹರಡಿದ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷೆಯ ಹಂತಕ್ಕೂ ಹೋಗಿದೆ. ಅದು ಹೊಳೆಯುವುದಿಲ್ಲ. ಹೊಳೆಯಬೇಕಾಗಿಯೂ ಇಲ್ಲ.

ಎಕ್ಸ್‌ರೇಗೆ ಹಸಿರು ಬೆಳಕು ಕೊಡುವ ಕಣಗಳೂ ಇವೆ. ಹಳೆಯ ಎಕ್ಸ್‌ರೇ ಫಿಲ್ಮ್ ಕ್ಯಾಸೆಟ್ಟಿನೊಳಗಿನ ಬಿಳಿ ಹಾಳೆಯಲ್ಲಿ ಇದ್ದದ್ದು ಟರ್ಬಿಯಂ ಹಾಕಿದ ಗ್ಯಾಡೋಲಿನಿಯಂ ಆಕ್ಸಿಸಲ್ಫೈಡ್. ಆಳದ ಸಮಸ್ಯೆ ಎಕ್ಸ್‌ರೇಗೆ ಇಲ್ಲ, ಆದರೆ ಹೊರಗೆ ಬರುವ ಹಸಿರಿಗೆ ಇದ್ದೇ ಇದೆ. ರೇಡಿಯೇಷನ್ ಡೋಸು ಬೇರೆ. ಸದ್ಯಕ್ಕೆ ಇದನ್ನು ನಾನು ಯಾರಿಗೂ ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಉಷ್ಣತೆ ಅಳೆಯುವ ಕಣ

ಎರ್ಬಿಯಂನ ಹಸಿರಿನಲ್ಲಿ ಎರಡು ಗೆರೆಗಳಿವೆ, 525 ಮತ್ತು 545. ಬಿಸಿ ಏರಿದಂತೆ ಮೊದಲನೆಯದು ಎರಡನೆಯದರ ಪಾಲನ್ನು ಕಸಿದುಕೊಳ್ಳುತ್ತದೆ. ಎರಡರ ಅನುಪಾತ ನೋಡಿ ಉಷ್ಣತೆ ಹೇಳಬಹುದು. ಕೋಣೆಯ ಉಷ್ಣತೆಯಲ್ಲಿ ಒಂದು ಡಿಗ್ರಿಗೆ ಸುಮಾರು ಶೇ 1ರಷ್ಟು ಬದಲಾವಣೆ. 2010ರಲ್ಲಿ ವೆಟ್ರೋನೆ ಮತ್ತು ಜೊತೆಗಾರರು ಲ್ಯಾಬಿನಲ್ಲಿ ಬೆಳೆಸುವ ಹೀಲಾ ಅನ್ನೋ ಕ್ಯಾನ್ಸರ್ ಕೋಶದೊಳಗೆ ಹೀಗೆ ಅಳೆದು ತೋರಿಸಿದರು. ತಟ್ಟೆಯಲ್ಲಿ ಬೆಳೆದ ಕೋಶಗಳಿಗೆ ಇದಕ್ಕಿಂತ ಚೆಂದದ ಥರ್ಮಾಮೀಟರ್ ಕಷ್ಟ.

ಅದನ್ನೇ ಇಲಿಯೊಳಗೆ ಹಾಕಿದರೆ ಕಥೆ ಬೇರೆ. 525 ಮತ್ತು 545 ಎರಡನ್ನೂ ರಕ್ತ ಒಂದೇ ಸಮ ಹೀರುವುದಿಲ್ಲ. ಹಾಗಾಗಿ ಮೇಲೆ ರಕ್ತ ಎಷ್ಟಿದೆ ಅನ್ನುವುದರ ಮೇಲೂ ಅನುಪಾತ ಬದಲಾಗುತ್ತದೆ. ಜ್ವರ ಬಂದಿದೆ ಅಂತ ಕಣ ಹೇಳುತ್ತದೆ, ನಿಜಕ್ಕೂ ಒಂದು ರಕ್ತನಾಳ ಹಿಗ್ಗಿರುತ್ತದೆ. ಮೇಲಿಂದ 980 ಲೇಸರ್ ತಾನೇ ಮಾಂಸವನ್ನು ಬಿಸಿ ಮಾಡುತ್ತಿರುತ್ತದೆ, ಅಳೆಯುವವನೇ ಒಲೆ ಹಚ್ಚಿದ ಹಾಗೆ. ಮೈಯೊಳಗೆ ಅಳೆಯಬೇಕಾದರೆ ಬಣ್ಣದ ಅನುಪಾತ ಬಿಟ್ಟು, ಬೆಳಕು ಆರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅನ್ನುವುದನ್ನು ಅಳೆಯಿರಿ. ಮಾಂಸ ಬೆಳಕನ್ನು ಕಡಿಮೆ ಮಾಡಬಹುದು, ಆರುವ ಸಮಯವನ್ನು ಬದಲಿಸಲಾರದು. ಯಂತ್ರ ಸ್ವಲ್ಪ ದುಬಾರಿ, ಉತ್ತರ ನಂಬಬಹುದು.

ಪಿಎಚ್, ಆಮ್ಲಜನಕ, ಲೋಹದ ಅಯಾನು ಇವನ್ನೆಲ್ಲ ಕಣ ತಾನಾಗಿ ಅರಿಯುವುದಿಲ್ಲ. ಮೇಲೆ ಒಂದು ಡೈ ಕೂರಿಸಿ, ಕಣದಿಂದ ಡೈಗೆ ಶಕ್ತಿ ದಾಟಿಸಬೇಕು. ದಾಟುವ ದೂರ ಹತ್ತು ನ್ಯಾನೊಮೀಟರಿನೊಳಗೆ. ಮೇಲೆ ಅಷ್ಟು ಹೊಗಳಿದ ಖಾಲಿ ಪದರ ಇಲ್ಲಿ ಅಡ್ಡಿ. ತೆಳ್ಳಗೆ, ಒಂದೆರಡು ನ್ಯಾನೊಮೀಟರ್ ಇರಲಿ.

ಹೊದಿಕೆ, ಮತ್ತೆ ಪಿಬಿಎಸ್ ಪುರಾಣ

ಕಣ ಹುಟ್ಟುವಾಗ ಮೈತುಂಬ ಓಲಿಯಿಕ್ ಆಮ್ಲ ಅಂಟಿರುತ್ತದೆ, ಎಣ್ಣೆ ಹಚ್ಚಿದ ಮಗುವಿನ ಹಾಗೆ. ನೀರಿಗೆ ಬರಬೇಕಾದರೆ ಅದನ್ನು ತೆಗೆಯಬೇಕು ಇಲ್ಲವೇ ಮುಚ್ಚಬೇಕು. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಪಿಎಚ್ 4ರಲ್ಲಿ ಕಲಕಿದರೆ ಬರಿಮೈ ಕಣ ಸಿಗುತ್ತದೆ. ಬರಿ ನೀರಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಪಿಬಿಎಸ್‌ಗೆ ಹಾಕಿದ ಕೂಡಲೇ ಫಾಸ್ಫೇಟ್ ಬಂದು ಮೇಲ್ಮೈಯ ರೇರ್ ಅರ್ಥ್ ಅಯಾನುಗಳನ್ನು ಹಿಡಿಯುತ್ತದೆ, ಕಣಗಳು ಮುದ್ದೆ ಕಟ್ಟುತ್ತವೆ. ನನ್ನ ಬಿಳಿ ಗಸಿಯ ಮೂಲ ಅದೇ. ಸಿಲಿಕಾ ಹೊದಿಕೆ ಸುಲಭ, ಮೇಲೆ ಏನು ಬೇಕಾದರೂ ಕೂರಿಸಬಹುದು, ಆದರೆ ಅದು ಸಣ್ಣ ತೂತುಗಳ ಗೋಡೆ, ನೀರನ್ನು ಪೂರ್ತಿ ತಡೆಯುವುದಿಲ್ಲ. ಓಲಿಯಿಕ್ ಆಮ್ಲವನ್ನು ಉಳಿಸಿಕೊಂಡು ಅದರ ಮೇಲೆ ಒಂದು ಬದಿ ಎಣ್ಣೆಗೆ, ಇನ್ನೊಂದು ಬದಿ ನೀರಿಗೆ ಒಗ್ಗುವ ಪಾಲಿಮರ್ ಸುತ್ತಿದರೆ ನೀರು ದೂರ ನಿಲ್ಲುತ್ತದೆ, ಹೊಳಪು ಉಳಿಯುತ್ತದೆ, ಗಾತ್ರ ಸ್ವಲ್ಪ ದಪ್ಪಗಾಗುತ್ತದೆ. ಫಾಸ್ಫೇಟನ್ನೇ ಹೋಲುವ ಹಲವು ಫಾಸ್ಫೋನೇಟ್ ಗುಂಪುಗಳಿರುವ ಪಾಲಿಮರ್ ನನ್ನ ಮೆಚ್ಚಿನದು. ಫಾಸ್ಫೇಟಿನ ತಂತ್ರವನ್ನೇ ಫಾಸ್ಫೇಟಿನ ಮೇಲೆ ತಿರುಗಿಸಿದಂತೆ, ಮೊದಲೇ ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತದೆ.

ಬೇಯಿಸುವ ಬಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ್ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದಲ್ಲಿ ಬೆಳೆಸಿದ ದಹನ ವಿಧಾನವನ್ನು ನಮ್ಮ ಕಡೆಯ ಲ್ಯಾಬುಗಳಲ್ಲಿ ಕೈಬಿಡುವುದಿಲ್ಲ. ನೈಟ್ರೇಟ್ ಉಪ್ಪು, ಯೂರಿಯಾ, ಸ್ವಲ್ಪ ನೀರು, 500 ಡಿಗ್ರಿಯ ಕುಲುಮೆ. ಕುದಿದು, ನೊರೆಯೆದ್ದು, ಭಗ್ಗನೆ ಹತ್ತಿಕೊಂಡು ಕೆಲವೇ ನಿಮಿಷದಲ್ಲಿ ಪುರಿಯಂಥ ಹಗುರ ಪುಡಿ. ಒಂದು ದಿನದಲ್ಲಿ ಹತ್ತು ಮಿಶ್ರಣ ಪರೀಕ್ಷಿಸಬೇಕಾದರೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಆದರೆ ಸಿಗುವುದು ಆಕ್ಸೈಡ್, ಕಣಗಳು ಒಂದಕ್ಕೊಂದು ಅಂಟಿರುತ್ತವೆ. ದೀಪದ ಪುಡಿಗೆ, ಬೆರಳಚ್ಚು ಎತ್ತುವ ಪುಡಿಗೆ ಸೈ. ಕೋಶದೊಳಗೆ ಕಳಿಸಲು ಹೋಗಬೇಡಿ.

ಆಟೋಕ್ಲೇವ್‌ನಲ್ಲಿ, ಅಂದರೆ ಕುಕ್ಕರಿನಂಥ ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ, 180–200 ಡಿಗ್ರಿಗೆ ಒಂದು ರಾತ್ರಿ ಬೇಯಿಸುವುದು ನಡುದಾರಿ. ನೋಡಿಕೊಳ್ಳುವ ಕೆಲಸ ಕಡಿಮೆ, ಆದರೆ ಒಳಗೆ ಏನಾಗುತ್ತಿದೆ ಅಂತ ಬೆಳಿಗ್ಗೆ ತೆಗೆದ ಮೇಲೇ ಗೊತ್ತು. ಪಟ್ಟಿ ಪರೀಕ್ಷೆಗೆ ಬೇಕಾದ ದೊಡ್ಡ ಕಣಕ್ಕೆ ಸಾಕು.

ಒಂದೇ ಗಾತ್ರದ, ಪದರಗಳಿರುವ ಕಣ ಬೇಕಾದರೆ ಓಲಿಯಿಕ್ ಆಮ್ಲ ಮತ್ತು ಆಕ್ಟಡೆಸೀನ್ ಅನ್ನೋ ದ್ರಾವಕದಲ್ಲಿ, ಆರ್ಗಾನ್ ಅನಿಲದ ಕೆಳಗೆ, 300 ಡಿಗ್ರಿಗೆ ಒಂದು–ಒಂದೂವರೆ ಗಂಟೆ. ಫ್ಲೋರೈಡ್ ಅನ್ನು ಮೆಥನಾಲಿನಲ್ಲಿ ಕರಗಿಸಿ ಹಾಕುತ್ತೇವೆ. ಆ ಮೆಥನಾಲ್ ಪೂರ್ತಿ ಹೋಗುವ ಮುಂಚೆ ಶಾಖ ಏರಿಸಿದರೆ ಹಾಲು ಉಕ್ಕಿದ ಹಾಗೆ ಉಕ್ಕಿ ಬರುತ್ತದೆ. ಬೇಗ ಇಳಿಸಿದರೆ ಆಲ್ಫಾ ರೂಪದಲ್ಲೇ ನಿಂತುಬಿಡುತ್ತದೆ, ಹಸಿರು ಮಂಕು. ಟ್ರೈಫ್ಲೂರೋಅಸಿಟೇಟ್ ಒಡೆಯುವ ಇನ್ನೊಂದು ದಾರಿಯೂ ಇದೆ, ಅದರಲ್ಲಿ ವಿಷದ ಹೊಗೆ ಬರುತ್ತದೆ. ಹೊಗೆ ಎಳೆದು ಹೊರಹಾಕುವ ಫ್ಯೂಮ್ ಹುಡ್ ಬಗ್ಗೆ ಪೂರ್ತಿ ನಂಬಿಕೆ ಇಲ್ಲದಿದ್ದರೆ ಆ ಕಡೆ ಹೋಗಬೇಡಿ.

ಯಾವುದನ್ನೇ ಆರಿಸಿ, ಇಲಿಯ ಹತ್ತಿರ ಹೋಗುವ ಮುಂಚೆ ಈ ಒಂದು ಪರೀಕ್ಷೆ ಮಾಡಿ. ಕಣವನ್ನು ನೀವು ನಿಜವಾಗಿ ಬಳಸುವ ದ್ರವದಲ್ಲೇ, ನಿಜವಾಗಿ ಬಳಸುವ ಸಾಂದ್ರತೆಯಲ್ಲೇ, ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಅಂದುಕೊಳ್ಳಿ, 37 ಡಿಗ್ರಿಯಲ್ಲಿ ಒಂದು ರಾತ್ರಿ ಬಿಡಿ. ಗಟ್ಟಿ ದ್ರಾವಣದಲ್ಲಿ ಬೇಡ, ಅಲ್ಲಿ ಒಂದಿಷ್ಟು ಕರಗಿದರೂ ಗೊತ್ತಾಗುವುದಿಲ್ಲ. ತೆಳ್ಳಗಿದ್ದಾಗಲೇ ಫ್ಲೋರೈಡ್ ಕಣ ಸದ್ದಿಲ್ಲದೆ ಕರಗುವುದು. ಬೆಳಿಗ್ಗೆ ಸೆಂಟ್ರಿಫ್ಯೂಜ್ ಮಾಡಿ ಕಣವನ್ನು ತಳಕ್ಕೆ ಇಳಿಸಿ. ಮೇಲಿನ ತಿಳಿಯನ್ನು ಬೇರೆ ಟ್ಯೂಬಿಗೆ ತೆಗೆದುಕೊಂಡು ಫ್ಲೋರೈಡ್ ಇಲೆಕ್ಟ್ರೋಡ್ ಅದ್ದಿ ನೋಡಿ. ಹಿಂದಿನ ಸಂಜೆಯೂ ಹೀಗೇ ಒಮ್ಮೆ ನೋಡಿಟ್ಟಿರಿ. ಮೀಟರಿನ ಮುಳ್ಳು ಆಗ ಇದ್ದ ಜಾಗದಲ್ಲೇ ಇದ್ದರೆ, ಅಂದರೆ ಕಣ ಕರಗಿಲ್ಲದಿದ್ದರೆ, ಲೇಸರ್ ಬಿಸಿ ಮಾಡಲು ಇಡಿ.